ಕೋಟಿಗೆ ಎರಡು

ಒಂದು ವಾಟ್ ಶಕ್ತಿಯನ್ನು ಒಂದು ಕೋಟಿ ಪಾಲು ಮಾಡಿ. ಅದರಲ್ಲೊಂದು ಪಾಲನ್ನು ತೆಗೆದು ಮತ್ತೆ ಕೋಟಿ ಪಾಲು ಮಾಡಿ. ಕೈಗೆ ಬಂದ ಚೂರನ್ನು ಇನ್ನೂ ನೂರು ಮಾಡಿ. ಜಿಪಿಎಸ್ ಉಪಗ್ರಹದಿಂದ ಹೊರಟು ವಿಮಾನದ ಬೆನ್ನ ಮೇಲಿನ ಆಂಟೆನಾವನ್ನು ಮುಟ್ಟುವ ಸಂಕೇತದ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಉಪಗ್ರಹ ಬಿಡುವಾಗಲೇ ಅದು ಹಳೇ ಕಾಲದ ಬಲ್ಬೊಂದರಷ್ಟು, ಹತ್ತಾರು ವಾಟ್. 20,200 ಕಿಲೋಮೀಟರ್ ಇಳಿದು ಬರುವಷ್ಟರಲ್ಲಿ ಭೂಗೋಳದ ಒಂದು ಮಗ್ಗುಲಿಗೆಲ್ಲ ಹಂಚಿಹೋಗಿರುತ್ತದೆ. ರಿಸೀವರಿನೊಳಗೆ ತಾನಾಗಿ ಹುಟ್ಟುವ ವಿದ್ಯುತ್ ಗದ್ದಲವೇ ಇದಕ್ಕಿಂತ ಹತ್ತಾರು ಪಟ್ಟು ಜೋರು. ಇಂಥದ್ದನ್ನು ನಂಬಿಕೊಂಡು, ಮೋಡದೊಳಗೆ ಏನೂ ಕಾಣದ ಹೊತ್ತಿನಲ್ಲಿ, ಗಂಟೆಗೆ ಮುನ್ನೂರು ನಾನ್ನೂರು ಕಿಲೋಮೀಟರ್ ವೇಗದಲ್ಲಿರುವ ವಿಮಾನವನ್ನು ಬೆಟ್ಟಗಳ ನಡುವೆ ತಿರುಗಿಸುತ್ತಾರೆ. ದಿನವೂ, ಜಗತ್ತಿನ ಎಲ್ಲ ಖಂಡಗಳಲ್ಲೂ.

ಗದ್ದಲದೊಳಗಿಂದ ಅದನ್ನು ಹೆಕ್ಕುವ ಉಪಾಯ ಸರಳ. ಪ್ರತಿ ಉಪಗ್ರಹವೂ 1,023 ತುಣುಕುಗಳ ತನ್ನದೇ ಒಂದು ಮಾದರಿಯನ್ನು ಸೆಕೆಂಡಿಗೆ ಸಾವಿರ ಸಲ ಒಂದೇ ಸಮನೆ ಹೇಳುತ್ತಿರುತ್ತದೆ. ಆ ಮಾದರಿಯ ಒಂದು ನಕಲು ರಿಸೀವರಿನ ಹತ್ತಿರವೂ ಇದೆ. ಅದನ್ನು ಹಿಂದೆ ಮುಂದೆ ಸರಿಸುತ್ತ ಎಲ್ಲಿ ತಾಳೆಯಾಗುತ್ತದೆಂದು ನೋಡಿದರೆ ಸಂಕೇತ ಎಷ್ಟು ತಡವಾಗಿ ಬಂತು ಎಂಬುದು ಗೊತ್ತಾಗುತ್ತದೆ. ತಲೆಯ ಮೇಲೇ ಇರುವ ಉಪಗ್ರಹದಿಂದಾದರೆ ಆ ತಡ ಒಂದು ಸೆಕೆಂಡಿನ ಸಾವಿರದಲ್ಲಿ 67 ಭಾಗ. ಒಂದು ತುಣುಕಿನ ಉದ್ದ ಆಕಾಶದಲ್ಲಿ 293 ಮೀಟರ್. ರಿಸೀವರ್ ಅದರ ನೂರರಲ್ಲಿ ಒಂದು ಪಾಲಿನ ತನಕ ಅಳೆಯುತ್ತದೆ. ಉಪಗ್ರಹವಾದರೂ ನಿಂತಿದೆಯೇ? ಸೆಕೆಂಡಿಗೆ 3.9 ಕಿಲೋಮೀಟರ್ ಓಡುತ್ತಿದೆ. ಆ ವೇಗಕ್ಕೆ ಬೆಂಗಳೂರಿನಿಂದ ಮೈಸೂರಿಗೆ ನಲವತ್ತು ಸೆಕೆಂಡು ಸಾಕು.

ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಹಾಗಾಗಿ ಇಲ್ಲಿ ಗಡಿಯಾರವೇ ಅಳತೆಗೋಲು, ಮತ್ತು ಐನ್‌ಸ್ಟೈನ್ ಇಲ್ಲಿ ಪಠ್ಯಪುಸ್ತಕದ ಹೆಸರಲ್ಲ, ದಿನನಿತ್ಯದ ಕೆಲಸಕ್ಕೆ ಬೇಕಾದವನು. ವೇಗದಿಂದಾಗಿ ಉಪಗ್ರಹದ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಉಳಿಯುವುದು 38. ಅದನ್ನು ಹಾಗೇ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ 11 ಕಿಲೋಮೀಟರ್ ತಪ್ಪು ಸೇರುತ್ತ ಹೋಗುತ್ತದೆ. ಅದಕ್ಕೇ ಹಾರಿಸುವ ಮುಂಚೆಯೇ ಗಡಿಯಾರವನ್ನು 10.23 ಮೆಗಾಹರ್ಟ್ಸ್ ಬದಲು 10.22999999543ಕ್ಕೆ ಕೂರಿಸಿ ಕಳಿಸುತ್ತಾರೆ.

ಈ ಬಗೆಯ ಅಂಕಿಗಳನ್ನು ಕೇಳಿ ಬೆರಗಾಗುವುದು ಸುಲಭ. ಆದರೆ ವಿಮಾನ ಹಾರಿಸುವವರಿಗೆ ಬೇಕಾದ ದೊಡ್ಡ ಅಂಕಿ ಇದಲ್ಲ. ಜಿಪಿಎಸ್ ಎಷ್ಟು ಮೀಟರಿನಷ್ಟು ನಿಖರ ಎಂಬುದು ಅವರಿಗೆ ಎರಡನೆಯ ಪ್ರಶ್ನೆ. ಅದು ತಪ್ಪು ಹೇಳುತ್ತಿರುವಾಗ, ತಪ್ಪು ಹೇಳುತ್ತಿದ್ದೇನೆ ಎಂದು ತಾನೇ ಒಪ್ಪಿಕೊಳ್ಳುತ್ತದೆಯೇ? ಮೊದಲ ಪ್ರಶ್ನೆ ಅದು.

ಸ್ಥಾನ ಕಂಡುಹಿಡಿಯಲು ನಾಲ್ಕು ಉಪಗ್ರಹ ಬೇಕು: ಉದ್ದ, ಅಗಲ, ಎತ್ತರಕ್ಕೆ ಮೂರು, ರಿಸೀವರಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ಇನ್ನೊಂದು. ಮೊಬೈಲಿಗೆ ಅಷ್ಟು ಸಾಕು. ವಿಮಾನದ ರಿಸೀವರ್ ಐದನೆಯದನ್ನು ಹುಡುಕುತ್ತದೆ. ಐದಿದ್ದರೆ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದಾದರೂ ತಿಳಿಯುತ್ತದೆ. ಆರಿದ್ದರೆ ಯಾವುದು ಸುಳ್ಳು ಹೇಳುತ್ತಿದೆ ಎಂದು ಹಿಡಿದು ಹೊರಗಿಡಬಹುದು. ಇದಕ್ಕೆ ರೈಮ್ ಎಂದು ಹೆಸರು. ಸಾಕ್ಷಿಗಳು ಸಾಲದಾದಾಗ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಸ್ಥಾನ ಆಗಲೂ ಬಹುಶಃ ಸರಿಯಾಗಿಯೇ ಇರುತ್ತದೆ. ಆದರೂ ಪೈಲಟ್ ಅದನ್ನು ನಂಬಿ ಇಳಿಯುವಂತಿಲ್ಲ.

ನಿಲ್ದಾಣದಿಂದ ಮೇಲೇರುವ ಗೊತ್ತುಮಾಡಿದ ಹಾದಿಗೆ ಸಿಡ್, ದೂರದ ಮಾರ್ಗದಿಂದ ಇಳಿದು ಬರುವ ಹಾದಿಗೆ ಸ್ಟಾರ್ ಎನ್ನುವುದು ಕಾಕ್‌ಪಿಟ್ಟಿನ ರೂಢಿ. ಹಿಂದೆ ಇವು ನೆಲದ ಮೇಲಿನ ವಿಒಆರ್ ರೇಡಿಯೋ ಕೇಂದ್ರಗಳಿಗೆ ಕಟ್ಟುಬಿದ್ದಿದ್ದವು. ಕೇಂದ್ರದಿಂದ ದೂರ ಹೋದಷ್ಟೂ ತಪ್ಪು ಹಿಗ್ಗುತ್ತಿತ್ತು: 60 ನಾಟಿಕಲ್ ಮೈಲಿ ದೂರದಲ್ಲಿ ಒಂದು ಡಿಗ್ರಿ ತಪ್ಪೆಂದರೆ ಒಂದು ಮೈಲಿ ಪಕ್ಕಕ್ಕೆ. ಜಿಪಿಎಸ್‌ಗೆ ಈ ರೋಗವಿಲ್ಲ. ಅದಕ್ಕೆ ಎಲ್ಲ ಜಾಗವೂ ಒಂದೇ, ಆದ್ದರಿಂದ ಹಾದಿಯ ತಿರುವುಗಳನ್ನು ಬೇಕಾದಲ್ಲಿ ಇಡಬಹುದು. ಪ್ರತಿ ತಿರುವಿಗೂ ಐದಕ್ಷರದ ಇಂಗ್ಲಿಷ್ ಹೆಸರು. 26 ಅಕ್ಷರಗಳಿಂದ ಅಂಥ 1,18,81,376 ಹೆಸರು ಕಟ್ಟಬಹುದು. ಆದರೆ ರೇಡಿಯೋದಲ್ಲಿ ಬಾಯಿಗೆ ಹೊರಳುವಂತಿರಬೇಕು, ಇನ್ನೊಂದರಂತೆ ಕೇಳಬಾರದು ಎಂದಾಗ ಬಹುಪಾಲು ಉದುರಿಹೋಗುತ್ತವೆ.

ಹೊರಡುವ ಮುನ್ನ ಕಾಕ್‌ಪಿಟ್ಟಿನಲ್ಲಿ ನಡೆಯುವುದನ್ನು ನೋಡಬೇಕು. ರನ್‌ವೇ ಯಾವುದು, ಸಿಡ್ ಯಾವುದು ಎಂದು ಎಫ್‌ಎಂಎಸ್ ಕಂಪ್ಯೂಟರಿನಲ್ಲಿ ಹೆಸರು ಹಿಡಿದು ಆರಿಸುತ್ತಾರೆ. ಬಿಂದುಗಳ ಸಾಲು ಪರದೆಗೆ ಬರುತ್ತದೆ. ಆಮೇಲೆ ಒಬ್ಬರು ನಕ್ಷೆಯಲ್ಲಿ ಬೆರಳಿಟ್ಟು ಓದುತ್ತಾರೆ, ಇನ್ನೊಬ್ಬರು ಪರದೆ ನೋಡಿ ಹೂಂಗುಟ್ಟುತ್ತಾರೆ: ಈ ಬಿಂದುವಿಗೆ ಎಷ್ಟು ಡಿಗ್ರಿ, ಎಷ್ಟು ಮೈಲಿ, ಇಲ್ಲಿ ಎಷ್ಟು ಅಡಿಗಿಂತ ಮೇಲಿರಬೇಕು, ಅಲ್ಲಿ ಎಷ್ಟು ನಾಟ್ ಮೀರಬಾರದು. ಬಿಂದುವಿನ ಅಕ್ಷಾಂಶ ರೇಖಾಂಶಗಳನ್ನು ಕೈಯಾರೆ ಒತ್ತಿ ಹೊಸದಾಗಿ ಸೇರಿಸುವ ಹಾಗಿಲ್ಲ. ಡೇಟಾಬೇಸಿನಲ್ಲಿ ಇದ್ದದ್ದು ಇದ್ದಹಾಗೇ ಬರಬೇಕು. ನೆಲ ಬಿಟ್ಟ ಮೇಲೆ ನಿಲ್ದಾಣದಿಂದ 500 ಅಡಿ ಏರುವುದರೊಳಗೆ ಈ ಹಾದಿಯ ಮಾರ್ಗದರ್ಶನ ಸಿಕ್ಕಿರಬೇಕೆಂಬುದು ನಿಯಮ. ಒಂದು ಜೆಟ್ ವಿಮಾನಕ್ಕೆ ಅದು ಹತ್ತು ಹನ್ನೆರಡು ಸೆಕೆಂಡಿನ ಮಾತು.

ಏರುವ ಹಾದಿ ಕನಿಷ್ಠ ಶೇ 3.3ರಷ್ಟು ಕಡಿದಾಗಿರಬೇಕು, ಅಂದರೆ ನೂರು ಮೀಟರ್ ಮುಂದೆ ಹೋದರೆ 3.3 ಮೀಟರ್ ಮೇಲೆ. ಗುಡ್ಡ, ಗೋಪುರ, ಮೊಬೈಲ್ ಟವರುಗಳು ಶೇ 2.5ರ ಗೆರೆಯನ್ನು ದಾಟಿ ಮೇಲೆ ಚಾಚಿರಬಾರದು. ಎರಡರ ನಡುವಿನ ಅಂತರ ಶೇ 0.8. ಹತ್ತು ಕಿಲೋಮೀಟರ್ ಹೋದ ಮೇಲೆ ಆ ಅಂತರ 80 ಮೀಟರ್ ಆಗಿರುತ್ತದೆ. ನಮ್ಮ ಕಾಲ ಕೆಳಗಿನ ಗಾಳಿಯ ಹಾಸು ಅಷ್ಟೇ ಎಂದು ತಿಳಿದರೆ ಕೆಲವರಿಗೆ ಸಮಾಧಾನವಾದೀತು, ಕೆಲವರಿಗೆ ನಿದ್ದೆ ಬಾರದೇ ಹೋದೀತು.

ಇಂಥ ಹಾದಿಗಳಿಗೆ ಸಾಮಾನ್ಯವಾಗಿ ಬಳಸುವ ಮಾನಕದ ಹೆಸರು ಆರ್‌ನ್ಯಾವ್-1. ಹಾರಾಟದ ಶೇ 95ರಷ್ಟು ಹೊತ್ತು ವಿಮಾನ ನಡುಗೆರೆಯಿಂದ ಒಂದು ನಾಟಿಕಲ್ ಮೈಲಿಯೊಳಗೆ, ಅಂದರೆ 1,852 ಮೀಟರಿನೊಳಗೆ ಇರಬೇಕು. ಕೆಲವೇ ಮೀಟರಿನಷ್ಟು ನಿಖರವಾದ ಸಲಕರಣೆ ಇಟ್ಟುಕೊಂಡು ಎರಡೂ ಪಕ್ಕ ಸೇರಿ 3.7 ಕಿಲೋಮೀಟರ್ ಅಗಲ ಯಾಕೆ ಬಿಡಬೇಕು? ಆ ಅಗಲ ಉಪಗ್ರಹದ ತಪ್ಪಿಗಾಗಿ ಅಲ್ಲ. ಬಹುಪಾಲು ಅದು ಗಾಳಿಗೆ, ತಿರುವಿಗೆ, ಕೈಯಲ್ಲಿ ಹಾರಿಸುವವರ ಓಲಾಟಕ್ಕೆ. 180 ನಾಟ್ ವೇಗದಲ್ಲಿ 25 ಡಿಗ್ರಿ ವಾಲಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 1.9 ಕಿಲೋಮೀಟರ್. ಹಿಂದಿನಿಂದ 40 ನಾಟ್ ಗಾಳಿ ನೂಕಿದರೆ ಅದೇ ವಾಲಿಕೆಯಲ್ಲಿ ಅದು 2.8 ಕಿಲೋಮೀಟರ್ ಆಗುತ್ತದೆ. ಬೆಟ್ಟಗಳ ನಡುವೆ ಈ ಒಂಬೈನೂರು ಮೀಟರ್ ತುಂಬಾ ದುಬಾರಿ.

ಅದನ್ನು ಉಳಿಸಿಕೊಳ್ಳುವ ವಿದ್ಯೆ ಮೊದಲು ಕಲಿತದ್ದು ಅಲಾಸ್ಕಾದಲ್ಲಿ. ಜೂನೋ ಪಟ್ಟಣದ ನಿಲ್ದಾಣ ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಾಲುವೆಯೊಂದರ ಬದಿಯಲ್ಲಿದೆ; ಮೋಡ ಕೆಳಗಿಳಿದರೆ ವಿಮಾನಗಳು ವಾಪಸ್. 1996ರಲ್ಲಿ ಅಲಾಸ್ಕಾ ಏರ್‌ಲೈನ್ಸ್ ಅಲ್ಲಿ ಆರ್‌ಎನ್‌ಪಿ ಎಂಬ ವಿಧಾನದಿಂದ ಇಳಿಯಲು ಶುರುಮಾಡಿತು. ಹತ್ತು ವರ್ಷದ ಮೇಲೆ, 2006ರಲ್ಲಿ, ಏರ್ ಚೈನಾ ಟಿಬೆಟ್ಟಿನ ನ್ಯಿಂಗ್ಚಿಗೆ ಅದನ್ನು ತಂದಿತು: ರನ್‌ವೇಯೇ ಸಮುದ್ರಮಟ್ಟದಿಂದ ಸುಮಾರು 2,950 ಮೀಟರ್ ಎತ್ತರದಲ್ಲಿ, ಸುತ್ತ 5,000 ಮೀಟರ್ ಮೀರಿದ ಶಿಖರಗಳು, ಕೆಳಗೆ ನಮ್ಮ ಬ್ರಹ್ಮಪುತ್ರದ ಮೇಲ್ಹರಿವು. ಇಂಥ ಕಡೆ ಹಾದಿಯ ಅಗಲವನ್ನು ಪಕ್ಕಕ್ಕೆ 0.3 ಮೈಲಿಗೆ, ತೀರಾ ಇಕ್ಕಟ್ಟಾದರೆ 0.1 ಮೈಲಿಗೆ ಇಳಿಸುತ್ತಾರೆ. ಕೊನೆಯದೆಂದರೆ 185 ಮೀಟರ್. ತಿರುವನ್ನು ಗಾಳಿಗೆ ಬಿಡದೆ ನೆಲದ ಮೇಲೆ ಎಳೆದ ಕಮಾನಿನಂತೆ ಗೊತ್ತುಮಾಡಿರುತ್ತಾರೆ. ಗಾಳಿ ಬದಲಾದಂತೆ ಕಂಪ್ಯೂಟರ್ ವಾಲಿಕೆಯನ್ನು ಬದಲಿಸುತ್ತದೆ, ತ್ರಿಜ್ಯವನ್ನಲ್ಲ.

ಇಷ್ಟೆಲ್ಲ ಆದ ಮೇಲೂ ಹಾದಿ ಎಂಬುದು ಯಾರೋ ಬರೆದಿಟ್ಟ ಅಂಕಿಗಳ ಸಾಲು. ಬಿಂದುಗಳ ಅಕ್ಷಾಂಶ ರೇಖಾಂಶಗಳನ್ನು ಡೇಟಾಬೇಸಿನಲ್ಲಿ ಕೋನದ ಒಂದು ಸೆಕೆಂಡಿನ ನೂರನೇ ಭಾಗದ ತನಕ ಬರೆಯುತ್ತಾರೆ. ನೆಲದ ಮೇಲೆ ಅದು 31 ಸೆಂಟಿಮೀಟರ್. ಇಡೀ ಜಗತ್ತಿನ ಈ ಪಟ್ಟಿ 28 ದಿನಕ್ಕೊಮ್ಮೆ, ಯಾವಾಗಲೂ ಗುರುವಾರವೇ, ಹೊಸದಾಗುತ್ತದೆ. ಜೊತೆಗೆ ಎಲ್ಲರೂ ಒಂದೇ ಭೂಮಿಯನ್ನು ಅಳೆಯಬೇಕು. 1802ರಲ್ಲಿ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುಮಾಡಿದ ಮಹಾ ಸರ್ವೆಯ ಪರಂಪರೆಯ ನಕ್ಷೆಗಳಿಗೂ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಎಂಬ ಭೂಮಿಗೂ ನಮ್ಮ ದೇಶದಲ್ಲಿ ನೂರು ಮೀಟರಿಗೂ ಮೀರಿದ ವ್ಯತ್ಯಾಸವಿತ್ತು. (ಆ ಬೆಟ್ಟದ ಪಕ್ಕದಲ್ಲೇ ಈಗ ಚೆನ್ನೈ ವಿಮಾನ ನಿಲ್ದಾಣವಿದೆ.) 1998ರ ಜನವರಿ 1ರಿಂದ ನಾಗರಿಕ ವಿಮಾನಯಾನಕ್ಕೆ ಡಬ್ಲ್ಯುಜಿಎಸ್-84 ಒಂದೇ ಮಾನಕವಾಯಿತು.

ಬರೆದ ಅಂಕಿ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ಕಾಠ್ಮಂಡು ಸಾಕ್ಷಿ. 2015ರ ಮಾರ್ಚ್ 4ರ ಬೆಳಗ್ಗೆ ಇಸ್ತಾಂಬುಲ್‌ನಿಂದ ಬಂದ ಟರ್ಕಿಶ್ ಏರ್‌ಲೈನ್ಸ್‌ನ ಏರ್‌ಬಸ್ 330 ಮಂಜಿನಲ್ಲಿ ಇಳಿಯಿತು. ಅದರ ಡೇಟಾಬೇಸಿನಲ್ಲಿದ್ದ ರನ್‌ವೇ ತುದಿಯ ಸ್ಥಾನ ನಿಜವಾದ ಸ್ಥಾನವಾಗಿರಲಿಲ್ಲ. ರನ್‌ವೇ ತುದಿಯನ್ನು ಸರಿಸುವ ಯೋಜನೆಯೊಂದು ಇತ್ತು. ಯೋಜನೆ ಜಾರಿಯಾಗಿರಲಿಲ್ಲ, ಅದರ ಅಂಕಿ ಮಾತ್ರ ವಿಮಾನದೊಳಗೆ ಉಳಿದಿತ್ತು. ನಡುಗೆರೆ 26 ಮೀಟರ್ ಎಡಕ್ಕೆ ಜರುಗಿತ್ತು. ಎಡಗಡೆಯ ಚಕ್ರಗಳು ರನ್‌ವೇ ಬಿಟ್ಟು ಮಣ್ಣಿಗಿಳಿದವು, ವಿಮಾನ ಹುಲ್ಲಿನಲ್ಲಿ ಮೂಗು ಊರಿ ನಿಂತಿತು. 224 ಪ್ರಯಾಣಿಕರು, 11 ಸಿಬ್ಬಂದಿ, ಒಬ್ಬರೂ ಸಾಯಲಿಲ್ಲ. ರನ್‌ವೇ ಸರಿಯಾಗಿ ಕಾಣದಿದ್ದರೂ ಕನಿಷ್ಠ ಎತ್ತರಕ್ಕಿಂತ ಕೆಳಗೆ ಇಳಿಯುತ್ತ ಹೋದದ್ದೇ ಮುಖ್ಯ ಕಾರಣವೆಂದು ತನಿಖೆ ಹೇಳಿತು, ಅದು ನ್ಯಾಯವೇ. ಆದರೆ ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಎರಡು ದಿನ ಮುಂಚೆ, ಮಾರ್ಚ್ 2ರಂದು, ಅಲ್ಲಿಗೆ ಬಂದ ಅದೇ ಸಂಸ್ಥೆಯ ಸಿಬ್ಬಂದಿ ಒಂದು ನಮೂನೆ ತುಂಬಿ ಕೊಟ್ಟಿದ್ದರು: ಉಪಕರಣಗಳ ಪ್ರಕಾರ ಎಲ್ಲ ಅಂಕಿಯೂ ಸರಿಯಾಗಿತ್ತು, ಕಣ್ಣಿಗೆ ಕಂಡಂತೆ ವಿಮಾನ ಎತ್ತರದಲ್ಲೂ ಎಡಕ್ಕೂ ಇತ್ತು. ಉಪಗ್ರಹಗಳು ಆ ದಿನವೂ ನಿಜವನ್ನೇ ಹೇಳುತ್ತಿದ್ದವು. ವಿಮಾನ ತಾನಿರುವ ಜಾಗವನ್ನು ಚೆನ್ನಾಗಿ ಬಲ್ಲದಾಗಿತ್ತು. ರನ್‌ವೇ ಇರುವ ಜಾಗವನ್ನಲ್ಲ.

ಎತ್ತರದ ಕಥೆ ಇನ್ನೂ ವಿಚಿತ್ರ. ಜಿಪಿಎಸ್ ಹಾದಿಯಲ್ಲಿ ಇಳಿಯುವ ಹೆಚ್ಚಿನ ಜೆಟ್‌ಗಳು ಎಡ ಬಲವನ್ನು ಉಪಗ್ರಹದಿಂದ ತಿಳಿಯುತ್ತವೆ, ಎತ್ತರವನ್ನು ಮಾತ್ರ ಗಾಳಿಯ ಒತ್ತಡದಿಂದ, ಹಳೇ ಕಾಲದ ಬ್ಯಾರೋಮೀಟರಿನ ತತ್ವದಲ್ಲೇ. ಸ್ಥಳೀಯ ಒತ್ತಡ ಎಷ್ಟೆಂದು ನಿಯಂತ್ರಕರು ರೇಡಿಯೋದಲ್ಲಿ ಹೇಳುತ್ತಾರೆ, ಪೈಲಟ್ ಗುಂಡಿ ತಿರುಗಿಸಿ ಕೂರಿಸುತ್ತಾರೆ. ಒಂದು ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ ತಪ್ಪು. 2022ರ ಮೇ 23ರಂದು ಸ್ಟಾಕ್‌ಹೋಮ್‌ನಿಂದ ಬಂದು ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ಮಳೆಯಲ್ಲಿ ಇಳಿಯುತ್ತಿದ್ದ ಏರ್‌ಬಸ್ 320ಗೆ 1001 ಎನ್ನುವ ಬದಲು 1011 ಎಂದು ಹೇಳಿದರು. ಹತ್ತು ಹೆಕ್ಟೋಪಾಸ್ಕಲ್, 280 ಅಡಿ. ಪರದೆಯ ಮೇಲೆ ವಿಮಾನ ಹಾದಿಯ ನಟ್ಟನಡುವೆ ಇತ್ತು. ಇಳಿಜಾರಿನ ಗೆರೆಗೂ ಸರಿಯಾಗಿ ಕೂತಿತ್ತು. ನೆಲಕ್ಕೆ ಅಪ್ಪಳಿಸುವ ಅಪಾಯವನ್ನು ಎಚ್ಚರಿಸಬೇಕಾದ ಉಪಕರಣವೂ ಸುಮ್ಮನಿತ್ತು. ಕನಿಷ್ಠ ಎತ್ತರ ಬಂದರೂ ರನ್‌ವೇ ಕಾಣಲಿಲ್ಲವೆಂದು ಅವರು ಮೇಲೇರಿದರು. ಆ ಹೊತ್ತಿನಲ್ಲಿ ದಾಖಲಾದ ಅತಿ ಕಡಿಮೆ ಎತ್ತರ 6 ಅಡಿ. ರನ್‌ವೇ ಇನ್ನೂ ಸುಮಾರು ಒಂದೂವರೆ ಕಿಲೋಮೀಟರ್ ಮುಂದಿತ್ತು.

ಆರಡಿ ಅಂದರೆ ಒಬ್ಬ ಆಳಿನ ಎತ್ತರ.

ಎತ್ತರವನ್ನೂ ಉಪಗ್ರಹದಿಂದಲೇ ಪಡೆದರೆ ಈ ಒಂದು ಬಗೆಯ ತಪ್ಪಿಗೆ ಜಾಗವೇ ಇರುವುದಿಲ್ಲ. ಬರಿಯ ಜಿಪಿಎಸ್‌ನಿಂದ ಅದು ಆಗದು, ಅದರಲ್ಲೂ ನಮ್ಮ ದೇಶದ ಮೇಲೆ. ಭೂಮಿಯ ಕಾಂತೀಯ ಸಮಭಾಜಕ ವೃತ್ತ ದಕ್ಷಿಣದ ತುದಿಯಲ್ಲಿ ತುಂಬಾ ಎಂಬ ಹಳ್ಳಿಯ ಹತ್ತಿರ ಹಾಯುತ್ತದೆ. ರಾಕೆಟ್ ನೆಲೆಗೆ ಆ ಹಳ್ಳಿಯನ್ನು ಆರಿಸಿದ್ದೇ ಅದಕ್ಕೆ. ಅದರ ದೆಸೆಯಿಂದ ಮೇಲಿನ ಅಯಾನುಮಂಡಲ ನಮ್ಮ ತಲೆಯ ಮೇಲೆ ಉಬ್ಬಿ ಕದಡಿರುತ್ತದೆ, ಸಂಕೇತವನ್ನು ಹತ್ತಾರು ಮೀಟರಿನಷ್ಟು ತಡಮಾಡುತ್ತದೆ, ಸಂಜೆಯಾದ ಮೇಲೆ ಮಿನುಗಿಸುತ್ತದೆ. ಅಮೆರಿಕದ ಮೇಲೆ ಕೆಲಸ ಮಾಡಿದ ಲೆಕ್ಕ ಇಲ್ಲಿ ಹಾಗೇ ನಡೆಯಲಿಲ್ಲ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಗೆ ಅಯಾನುಮಂಡಲವನ್ನು ಹಲವು ಪದರಗಳಾಗಿ ನೋಡುವ ಬೇರೆಯದೇ ಲೆಕ್ಕ ಹೂಡಬೇಕಾಯಿತು.

ಗಗನ್‌ನ ಮಿದುಳು ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಐಟಿ ಕಂಪನಿಗಳಿಗೆ ಹೋಗುವವರು ದಿನಾ ಟ್ರಾಫಿಕ್ಕಿನಲ್ಲಿ ನಿಂತು ಬೈಯುವ ಅದೇ ಕುಂದಲಹಳ್ಳಿ. ಜಮ್ಮುವಿನಿಂದ ತಿರುವನಂತಪುರದ ತನಕ, ಪೋರಬಂದರಿನಿಂದ ಪೋರ್ಟ್ ಬ್ಲೇರ್ ತನಕ 15 ಕೇಂದ್ರಗಳು ಜಿಪಿಎಸ್ ಹೇಳಿದ್ದನ್ನು ತಾವು ನಿಂತಿರುವ ನಿಜವಾದ ಜಾಗದ ಜೊತೆ ಹೋಲಿಸಿ ತಪ್ಪೆಷ್ಟೆಂದು ಕಳಿಸುತ್ತವೆ. ಕುಂದಲಹಳ್ಳಿ ಅದನ್ನು ಕಲೆಹಾಕಿ ಸುಮಾರು 36,000 ಕಿಲೋಮೀಟರ್ ಮೇಲಿರುವ ಜಿಸ್ಯಾಟ್ ಉಪಗ್ರಹಗಳಿಗೆ ಏರಿಸುತ್ತದೆ, ಅಲ್ಲಿಂದ ಅದು ಇಡೀ ದೇಶದ ಮೇಲೆ ಇಳಿಯುತ್ತದೆ. ವೇಗ ಸೆಕೆಂಡಿಗೆ 250 ಬಿಟ್. ಮೊಬೈಲಿನಲ್ಲಿ ಕನ್ನಡ ಟೈಪಿಸಿದರೆ, ಗುಣಿತದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ, ಹತ್ತು ಅಕ್ಷರಕ್ಕೆ ಅಷ್ಟು ಬೇಕು. ಕಾಶ್ಮೀರದಿಂದ ಕನ್ಯಾಕುಮಾರಿಯ ತನಕದ ಆಕಾಶದ ತಿದ್ದುಪಡಿ ಸೆಕೆಂಡಿಗೆ ಹತ್ತು ಅಕ್ಷರದಲ್ಲಿ ಮುಗಿಯುತ್ತದೆ.

2015ರ ಏಪ್ರಿಲ್ 21ರಂದು ಗಗನ್‌ಗೆ ಎತ್ತರದ ಮಾರ್ಗದರ್ಶನವನ್ನೂ ಕೊಡಬಹುದೆಂಬ ಪ್ರಮಾಣಪತ್ರ ಸಿಕ್ಕಿತು. ಆ ಮಟ್ಟಕ್ಕೆ ಇಟ್ಟಿರುವ ಷರತ್ತು ಹೀಗಿದೆ: ಅಡ್ಡಲಾಗಿ 40 ಮೀಟರ್, ಎತ್ತರದಲ್ಲಿ 50 ಮೀಟರ್ ಮೀರಿ ತಪ್ಪಾದರೆ 10 ಸೆಕೆಂಡಿನೊಳಗೆ ಪೈಲಟ್ಟಿಗೆ ಎಚ್ಚರಿಕೆ ಹೋಗಬೇಕು. ಹಾಗೆ ಹೋಗದೆ ಮೋಸವಾಗುವ ಸಂಭವ ಒಂದು ಕೋಟಿ ಇಳಿಕೆಗಳಲ್ಲಿ ಎರಡಕ್ಕಿಂತ ಹೆಚ್ಚಿರಬಾರದು. ದಿನಕ್ಕೆ ಸಾವಿರ ವಿಮಾನ ಇಳಿಯುವ ನಿಲ್ದಾಣವೊಂದಿದ್ದರೆ ಕೋಟಿ ತುಂಬಲು 27 ವರ್ಷ ಬೇಕು. ಆ 27 ವರ್ಷದಲ್ಲಿ ಎರಡು ಸಲ ಹೇಳದೇ ಕೇಳದೇ ತಪ್ಪಬಹುದು, ಅಷ್ಟೇ ರಿಯಾಯಿತಿ. ನಿಖರತೆಯ ಅಂಕಿಗಳೆಲ್ಲ ಈ ಒಂದು ಅಂಕಿಯ ಮುಂದೆ ನನಗೆ ಸಣ್ಣವಾಗಿ ಕಾಣುತ್ತವೆ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆಚ್ಚಿ ಇಳಿಯಿತು. ನೆಲದ ಮೇಲೆ ಇಳಿಯುವ ದಾರಿ ತೋರುವ ದುಬಾರಿ ಐಎಲ್‌ಎಸ್ ಆಂಟೆನಾಗಳನ್ನು ನೆಡದೆಯೇ ಸಣ್ಣ ಊರುಗಳ ರನ್‌ವೇಗೂ ಇಳಿಜಾರಿನ ಗೆರೆ ಎಳೆಯಬಹುದು ಎಂಬುದು ಇದರ ದೊಡ್ಡ ಲಾಭ.

ಆದರೆ ಕೋಟಿಗೆ ಎರಡು ಎಂಬ ಲೆಕ್ಕ ಯಾವುದಕ್ಕೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಕೆಟ್ಟ ಗಡಿಯಾರಕ್ಕೆ, ಕದಡಿದ ಅಯಾನುಮಂಡಲಕ್ಕೆ ಅನ್ವಯಿಸುತ್ತದೆ. ಕಾಠ್ಮಂಡುವಿನ 26 ಮೀಟರ್ ಅದರೊಳಗೆ ಇಲ್ಲ. ಬೇಕೆಂದೇ ಸುಳ್ಳು ಹೇಳುವವನಂತೂ ಇಲ್ಲವೇ ಇಲ್ಲ. ಅಂಥವನಿಗೆ ಹೆಚ್ಚೇನೂ ಬೇಡ. ಎದುರಿಗೆ ಅಡ್ಡಿಯಿಲ್ಲದೆ ಕಾಣುವ 10 ಕಿಲೋಮೀಟರ್ ದೂರದಿಂದ ಬರೀ ಒಂದು ವಾಟ್ ಬಿಟ್ಟರೂ ಅದು ಉಪಗ್ರಹದ ಸಂಕೇತಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಜೋರಾಗಿರುತ್ತದೆ. ಸಂಕೇತವನ್ನು ಮುಚ್ಚಿಹಾಕುವುದು ಜ್ಯಾಮಿಂಗ್. ನಕಲಿ ಸಂಕೇತ ಕೊಟ್ಟು ವಿಮಾನ ಬೇರೆಲ್ಲೋ ಇದೆ ಎಂದು ನಂಬಿಸುವುದು ಸ್ಪೂಫಿಂಗ್. ಎರಡನೆಯದರಲ್ಲಿ ಐದಲ್ಲ, ಹತ್ತು ಸಾಕ್ಷಿಗಳಿದ್ದರೂ ಎಲ್ಲವೂ ಒಂದೇ ಸುಳ್ಳನ್ನು ಒಂದೇ ಬಾಯಿಂದ ಹೇಳುತ್ತವೆ, ತಾಳೆಯೂ ಆಗುತ್ತದೆ.

2023ರ ನವೆಂಬರ್‌ನಿಂದ 2025ರ ಫೆಬ್ರುವರಿಯ ತನಕ ಅಮೃತಸರ, ಜಮ್ಮು ಕಡೆಯ ಗಡಿಯಲ್ಲಿ ಇಂಥ 465 ಘಟನೆಗಳು ವರದಿಯಾದವೆಂದು ಸರ್ಕಾರ ಲೋಕಸಭೆಗೆ ತಿಳಿಸಿತು. ಆಮೇಲೆ ಅದು ಗಡಿ ದಾಟಿ ಒಳಗೂ ಬಂತು. ದೆಹಲಿಯ 10ನೇ ಸಂಖ್ಯೆಯ ರನ್‌ವೇಗೆ ಜಿಪಿಎಸ್ ವಿಧಾನದಲ್ಲಿ ಇಳಿಯಲು ಬರುತ್ತಿದ್ದ ಕೆಲವು ವಿಮಾನಗಳು ಸ್ಪೂಫಿಂಗ್‌ಗೆ ಸಿಕ್ಕವೆಂದು 2025ರ ಡಿಸೆಂಬರ್ 1ರಂದು ವಿಮಾನಯಾನ ಸಚಿವರು ಸಂಸತ್ತಿನಲ್ಲಿ ಹೇಳಿದರು. ವರದಿ ಬಂದ ಊರುಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ನೆಲದ ಮೇಲಿನ ಸಾಧನಗಳಿರುವ ಬೇರೆ ರನ್‌ವೇಗಳ ಕೆಲಸ ಕೆಡಲಿಲ್ಲ.

ಹೀಗಾಗಿ, ಜಿಪಿಎಸ್ ಬಂದ ಮೇಲೆ ಕಿತ್ತುಹಾಕಬೇಕೆಂದಿದ್ದ ವಿಒಆರ್ ಕೇಂದ್ರಗಳಲ್ಲಿ ಒಂದಿಷ್ಟನ್ನು ಹಲವು ದೇಶಗಳು ಉಳಿಸಿಕೊಂಡಿವೆ. ಅಮೆರಿಕ ಸುಮಾರು 900ರಲ್ಲಿ 590ರಷ್ಟನ್ನು ಇಟ್ಟುಕೊಳ್ಳುವ ಯೋಜನೆ ಹಾಕಿತು: ಎಲ್ಲೇ ಉಪಗ್ರಹ ಕೈಕೊಟ್ಟರೂ 100 ನಾಟಿಕಲ್ ಮೈಲಿಯೊಳಗೆ ಹಳೇ ವಿಧಾನದಲ್ಲಿ ಇಳಿಯಬಹುದಾದ ಒಂದು ನಿಲ್ದಾಣ ಸಿಗಬೇಕು ಎಂಬ ಲೆಕ್ಕದಲ್ಲಿ. ನಮ್ಮಲ್ಲೂ ಅಂಥ ಕನಿಷ್ಠ ಜಾಲವನ್ನು ಇಟ್ಟುಕೊಂಡಿರುವುದಾಗಿ ಸಚಿವರು ಅದೇ ಉತ್ತರದಲ್ಲಿ ಹೇಳಿದ್ದಾರೆ. ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಒಯ್ಯುವ ಆ ಕೇಂದ್ರಗಳ ಗುಣ ಬದಲಾಗಿಲ್ಲ, ಪೈಲಟ್‌ಗಳು ಅದನ್ನು ತಿಳಿದೇ ಅವನ್ನು ಟ್ಯೂನ್ ಮಾಡಿಟ್ಟುಕೊಳ್ಳುತ್ತಾರೆ.